ಕಾಕುವಿನ ಕಾರ್ಡು: ನಿವೃತ್ತಿಗೆ ಮೊದಲು ಸಿಜಿಎಚ್‌ಎಸ್ ಆರಿಸಿಕೊಂಡ ಒಂದು ಪುಣೆ ಮನೆಯ ಪ್ರಕರಣ

ನಮ್ಮ ಕಾಕಾ ಪುಣೆಯಲ್ಲಿ ಕೇಂದ್ರ ಸರ್ಕಾರದ ಒಂದು ಕಚೇರಿಯಲ್ಲಿ ಮೂವತ್ತನಾಲ್ಕು ವರ್ಷ ಕೆಲಸ ಮಾಡಿದರು. ಮನೆ ವಿಶ್ರಾಂತವಾಡಿಯಲ್ಲಿ. ಊರು ವಿಜಯಪುರ ಜಿಲ್ಲೆಯ ಇಂಡಿ ತಾಲೂಕಿನ ಹಳ್ಳಿ. ಅಲ್ಲಿ ಮೂರು ಎಕರೆ ಲಿಂಬೆ ತೋಟ ಇದೆ. 2025ರ ನವೆಂಬರ್ 30ಕ್ಕೆ ಅವರ ನಿವೃತ್ತಿ. ಅದಕ್ಕೆ ಒಂದು ವರ್ಷ ಮೊದಲು ದೀಪಾವಳಿಗೆ ಅವರ ಮನೆಗೆ ಹೋಗಿದ್ದೆ. ಫರಾಳ ತಿನ್ನುತ್ತಾ ಕೂತಾಗ ಕೇಂದ್ರ ಸರ್ಕಾರದ ನೌಕರರ ಆರೋಗ್ಯ ಯೋಜನೆ ಸಿಜಿಎಚ್‌ಎಸ್ ಮಾತು ಬಂತು. ಕಾಕಾ ಹೇಳಿದರು.

"ಆ ಸಿಜಿಎಚ್‌ಎಸ್ ಕಾರ್ಡ್ ಇನ್ನ ಬ್ಯಾಡವಾ. ರಿಟೈರ್ ಆದ ಮ್ಯಾಲ ಊರಿಗೆ ಹೋಗಿ ತ್ವಾಟಾ ನೋಡಕೊಂಡ ಇರ್ತೀವಿ. ಕಾರ್ಡ್ ಬ್ಯಾಡ ಅಂದವರಿಗೆ ತಿಂಗಳಾ ಸಾವಿರ ರೂಪಾಯಿ ಕೊಡ್ತಾರಂತ. ಕೈಗೆ ಬರೋ ರೊಕ್ಕ ಯಾಕ ಬಿಡಬೇಕು?"

ಕಾಕಾನ ಹೆಂಡತಿ, ನಮ್ಮ ಕಾಕು, ಒಳಗೆ ಚಕ್ಕಲಿ ಡಬ್ಬಿ ಮುಚ್ಚುತ್ತಿದ್ದರು. ಏನೂ ಮಾತಾಡಲಿಲ್ಲ. ನಾನು ಒಂದು ಕಂಪನಿಯ ಲೆಕ್ಕಪತ್ರ ವಿಭಾಗದಲ್ಲಿದ್ದೇನೆ. ಹತ್ತಿಪ್ಪತ್ತು ವರ್ಷ ಬೇಕಾಗುವ ಸೌಲಭ್ಯವನ್ನು ಹೀಗೆ ಮಾತಿನಲ್ಲೇ ಮುಗಿಸಿಬಿಡುವುದು ನನಗೆ ಸರಿ ಕಾಣಲಿಲ್ಲ. "ಕಾಕಾ, ಒಂದು ಭಾನುವಾರ ಕೊಡ್ರಿ. ಲೆಕ್ಕ ಹಾಕಿ ನೋಡೋಣು" ಅಂದೆ. ಒಂದು ಭಾನುವಾರ ಅಂದದ್ದು ಕೊನೆಗೆ ಏಳು ತಿಂಗಳು ಹಿಡಿಯಿತು. ಕೇಂದ್ರ ಸರ್ಕಾರದ ಕೆಲಸದಲ್ಲಿರುವ ನಮ್ಮ ಕಡೆಯವರು ಪುಣೆಯಲ್ಲಿ ಎಷ್ಟೋ ಮಂದಿ ಇದ್ದಾರೆ. ಅವರ ಮನೆಯಲ್ಲೂ ಇದೇ ಮಾತು ನಡೆಯುತ್ತಿರುತ್ತದೆ. ಅದಕ್ಕೇ ಇದನ್ನು ಪೂರ್ತಿ ಬರೆಯುತ್ತಿದ್ದೇನೆ.

ಮನೆಯ ಸ್ಥಿತಿ

ಕೇಂದ್ರ ಸರ್ಕಾರದ ವೇತನ ಶ್ರೇಣಿಗಳ ಪಟ್ಟಿಯಲ್ಲಿ, ಅಂದರೆ ಪೇ ಮ್ಯಾಟ್ರಿಕ್ಸ್‌ನಲ್ಲಿ, ಕಾಕಾ 7ನೇ ಲೆವೆಲ್. ಮೂಲ ವೇತನ 66,000 ರೂಪಾಯಿ. ಬಿಪಿ ಒಂದು ಬಿಟ್ಟರೆ ಗಟ್ಟಿ ಆಳು. ಕಾಕುವಿಗೆ 56 ವರ್ಷ. ಹನ್ನೊಂದು ವರ್ಷದಿಂದ ಶುಗರ್, ಎರಡು ವರ್ಷದಿಂದ ಥೈರಾಯ್ಡ್. ಮಗನಿಗೆ 28, ಖಾಸಗಿ ಕಂಪನಿಯಲ್ಲಿ ನೌಕರಿ. ಮಗಳಿಗೆ 23, ಎಂ.ಎಸ್ಸಿ. ಓದುತ್ತಿದ್ದಾಳೆ.

ಸಿಜಿಎಚ್‌ಎಸ್ ಅಂದರೆ ಕೇಂದ್ರ ಸರ್ಕಾರದ ನೌಕರರ ಮತ್ತು ಪಿಂಚಣಿದಾರರ ಆರೋಗ್ಯ ಯೋಜನೆ. 1954ರಲ್ಲಿ ದೆಹಲಿಯಲ್ಲಿ ಶುರುವಾಯಿತು. ಮುಂಬೈಗೆ 1963ರಲ್ಲಿ ಬಂತು, ಪುಣೆಗೆ 1978ರಲ್ಲಿ. ಇದು ವಿಮೆಯ ಪಾಲಿಸಿ ಅಲ್ಲ. ತಿಂಗಳಿಗೆ ಇಷ್ಟು ಅಂತ ಸಂಬಳದಲ್ಲಿ ಹಿಡಿಯುತ್ತಾರೆ. ಡಿಸ್ಪೆನ್ಸರಿಯಲ್ಲಿ ಡಾಕ್ಟರ್ ನೋಡುತ್ತಾರೆ, ಗುಳಿಗೆ ಕೊಡುತ್ತಾರೆ, ಬೇಕಾದರೆ ದೊಡ್ಡ ಆಸ್ಪತ್ರೆಗೆ ಕಳಿಸುತ್ತಾರೆ. ಈಗ ಅದಕ್ಕೆ ವೆಲ್‌ನೆಸ್ ಸೆಂಟರ್ ಅಂತ ಹೆಸರು. ಆದರೆ ನಮ್ಮ ಮನೆಯಲ್ಲಿ ಇನ್ನೂ ಡಿಸ್ಪೆನ್ಸರಿ ಅಂತಲೇ ಅನ್ನುತ್ತಾರೆ.

ಕಾಕಾನ ಲೆವೆಲ್‌ಗೆ ತಿಂಗಳಿಗೆ 650 ರೂಪಾಯಿ. ನಿವೃತ್ತಿ ಆದ ಮೇಲೆ ಇದೇ ದರದಲ್ಲಿ ವರ್ಷಕ್ಕೊಮ್ಮೆ ಕಟ್ಟಬಹುದು. ಇಲ್ಲವೇ ಹತ್ತು ವರ್ಷದ್ದು ಒಟ್ಟಿಗೆ ಕಟ್ಟಿದರೆ ಜೀವನಪೂರ್ತಿ ಕಾರ್ಡ್. 650 ಸಲ 120 ತಿಂಗಳು, ಒಟ್ಟು 78,000. ಬೇರೆ ಲೆವೆಲ್‌ನವರಿಗೆ ಲೆಕ್ಕ ಬೇರೆ. 1ರಿಂದ 5ನೇ ಲೆವೆಲ್‌ಗೆ ತಿಂಗಳಿಗೆ 250, 6ಕ್ಕೆ 450, 7ರಿಂದ 11ಕ್ಕೆ 650, 12 ಮತ್ತು ಮೇಲಿನವರಿಗೆ 1,000.

ಗುಳಿಗೆ ಡಬ್ಬಿ

ಮೊದಲ ಭಾನುವಾರ ನಾನು ಕೇಳಿದ್ದು ಒಂದೇ. "ಕಾಕು, ತಿಂಗಳಾ ಗುಳಗಿಗೆ ಎಷ್ಟು ಖರ್ಚು ಆಗ್ತದ?"

ಯಾರಿಗೂ ಗೊತ್ತಿರಲಿಲ್ಲ. ಮೂವತ್ತನಾಲ್ಕು ವರ್ಷ ಡಿಸ್ಪೆನ್ಸರಿಯಿಂದ ತಂದ ಮನೆ ಅದು. ಕಾಕು ಬಿಸ್ಕತ್ತಿನ ಹಳೆಯ ತಗಡಿನ ಡಬ್ಬಿ ತಂದು ಚಾಪೆಯ ಮೇಲೆ ಸುರಿದರು. ಸ್ಟ್ರಿಪ್ ತಿರುಗಿಸಿ ತಿರುಗಿಸಿ ನೋಡಿದೆ. ಹೆಚ್ಚಿನವುಗಳ ಮೇಲೆ ಬೆಲೆಯೇ ಇಲ್ಲ. ಕೆಂಪು ಅಕ್ಷರದಲ್ಲಿ 'ಸಿಜಿಎಚ್‌ಎಸ್ ಸಪ್ಲೈ, ನಾಟ್ ಫಾರ್ ಸೇಲ್' ಅಂತ ಒತ್ತಿದ್ದಾರೆ ಅಷ್ಟೇ. ಒಂದು ಸ್ಟ್ರಿಪ್ಪನ್ನು ಕಾಕು ಕತ್ತರಿಯಿಂದ ಸಣ್ಣಗೆ ತುಂಡು ಮಾಡಿ, ಬೆಳಗಿನದಕ್ಕೆ ಒಂದು, ರಾತ್ರಿಯದಕ್ಕೆ ಎರಡು ಅಂತ ಬಾಲ್‌ಪೆನ್ನಿನಿಂದ ಗೀಟು ಹಾಕಿದ್ದರು. ಅವರಿಗೆ ಗುಳಿಗೆಯ ಹೆಸರು ಓದಲು ಬರುವುದಿಲ್ಲ. ಬಣ್ಣದ ಮೇಲೆ, ಗೀಟಿನ ಮೇಲೆ ಗುರುತು. ಆ ಗೀಟುಗಳನ್ನು ನೋಡಿದಾಗಲೇ ನನಗೆ ಅನ್ನಿಸಿತು, ಇಲ್ಲಿ ನಿಜವಾಗಿ ಯಾರ ಅನುಕೂಲ ನೋಡಬೇಕು ಅಂತ.

ಪಟ್ಟಿ ಬರೆದುಕೊಂಡು ಮೂಲೆಯ ಮೆಡಿಕಲ್‌ಗೆ ಹೋದೆ. ಕಾಕುವಿನ ಗುಳಿಗೆ ತಿಂಗಳಿಗೆ 2,150, ಕಾಕಾನದು 650. ಒಟ್ಟು 2,800. ವರ್ಷಕ್ಕೆ 33,600. ಮೂರು ತಿಂಗಳಿಗೊಮ್ಮೆ ಮಾಡಿಸುವ ರಕ್ತಪರೀಕ್ಷೆ, ವರ್ಷಕ್ಕೊಮ್ಮೆ ಕಣ್ಣಿನ ಪರೀಕ್ಷೆ ಇದರಲ್ಲಿ ಸೇರಿಲ್ಲ.

ಕಾಕಾ ಹೇಳಿದ ಆ ಸಾವಿರ ರೂಪಾಯಿಗೆ ಫಿಕ್ಸೆಡ್ ಮೆಡಿಕಲ್ ಅಲೊವನ್ಸ್ ಅನ್ನುತ್ತಾರೆ. ಕಚೇರಿಯ ಮಾತಿನಲ್ಲಿ ಎಫ್‌ಎಂಎ. ಸಿಜಿಎಚ್‌ಎಸ್ ಇಲ್ಲದ ಊರಲ್ಲಿ ವಾಸ ಮಾಡುವ ಪಿಂಚಣಿದಾರರ ದಿನದಿನದ ಔಷಧಿ ಖರ್ಚಿಗೆ ಅಂತ ಅದು. 1997ರಲ್ಲಿ 100 ರೂಪಾಯಿ ಇತ್ತು. 2017ರ ಜುಲೈ 1ರಿಂದ 1,000. ಅಂದರೆ ವರ್ಷಕ್ಕೆ 12,000. ನಮ್ಮ ಮನೆಯ ಗುಳಿಗೆ ಖರ್ಚು 33,600. ಕಾಕಾ ಕಾಗದ ನೋಡಿ ಕನ್ನಡಕ ತೆಗೆದು ಒರೆಸಿಕೊಂಡರು. "ಇಷ್ಟ್ಯಾಕ?" ಅಂದರು.

ಒಂದು ಮಾತು ಇಲ್ಲೇ ಹೇಳಬೇಕು. ಜನೌಷಧಿ ಕೇಂದ್ರದಲ್ಲಿ ಕೇಳಿದರೆ ಇದೇ ಪಟ್ಟಿ ಅರ್ಧಕ್ಕಿಂತ ಕಡಿಮೆಗೆ ಇಳಿಯಿತು. ಒಂದು ಗುಳಿಗೆ ಮಾತ್ರ ಅಲ್ಲಿ ಇರಲಿಲ್ಲ. ಹಾಗಾಗಿ ಬರೀ ಗುಳಿಗೆಯ ಲೆಕ್ಕದ ಮೇಲೆ ತೀರ್ಮಾನ ಮಾಡಿದ್ದರೆ ಊರು, ಸಾವಿರ ರೂಪಾಯಿ, ಜನೌಷಧಿ, ಇಷ್ಟರಲ್ಲೇ ನಡೆದುಬಿಡುತ್ತಿತ್ತು. ನಾವು ಹೆದರಿದ್ದು ಆಸ್ಪತ್ರೆಯ ಬಿಲ್ಲಿಗೆ.

ಆಸ್ಪತ್ರೆಯ ಬಿಲ್ಲು

2022ರ ಮಳೆಗಾಲದಲ್ಲಿ ಕಾಕುವಿಗೆ ಡೆಂಗ್ಯೂ ಆಗಿತ್ತು. ರಾತ್ರಿ ಹನ್ನೊಂದಕ್ಕೆ ತಲೆ ತಿರುಗಿ ಬಿದ್ದರು. ಹತ್ತಿರದ ಖಾಸಗಿ ಆಸ್ಪತ್ರೆಗೆ ಒಯ್ದೆವು. ಅದು ಸಿಜಿಎಚ್‌ಎಸ್ ಒಪ್ಪಿದ ಆಸ್ಪತ್ರೆಗಳ ಪಟ್ಟಿಯಲ್ಲಿ ಇರಲಿಲ್ಲ. ಆ ಹೊತ್ತಿನಲ್ಲಿ ಯಾರು ಪಟ್ಟಿ ನೋಡುತ್ತಾರೆ? ಆರು ದಿನಕ್ಕೆ 84,000 ರೂಪಾಯಿ ಬಿಲ್. ಕಾಕಾ ಕೈಯಿಂದ ಕಟ್ಟಿ ಕಚೇರಿಗೆ ಕ್ಲೇಮ್ ಹಾಕಿದರು. ತುರ್ತು ಅಂತ ಒಪ್ಪಿದರು. ಆದರೆ ಇಂಥದ್ದಕ್ಕೆ ಹಣ ವಾಪಸ್ ಬರುವುದು ಸಿಜಿಎಚ್‌ಎಸ್ ಗೊತ್ತು ಮಾಡಿದ ದರದಲ್ಲಿ ಮಾತ್ರ. 51,000 ಬಂತು, ಅದೂ ಐದು ತಿಂಗಳ ಮೇಲೆ. ಉಳಿದ 33,000 ಹೋಯಿತು.

ಆಗಿನಿಂದ ಕಾಕಾಗೆ ಕಾರ್ಡಿನ ಮೇಲೆ ಸಿಟ್ಟು. ಕಾರ್ಡ್ ಬ್ಯಾಡ ಅಂದದ್ದರ ಹಿಂದೆ ಲಿಂಬೆ ತೋಟದಷ್ಟೇ ಈ ಸಿಟ್ಟೂ ಇತ್ತು. ಆದರೆ ಅವರಿಗೆ ಒಂದು ವಿಷಯ ಗೊತ್ತಿರಲಿಲ್ಲ. ನೌಕರಿಯಲ್ಲಿ ಇರುವವರು ಸಾಮಾನ್ಯವಾಗಿ ಆಸ್ಪತ್ರೆಗೆ ಮೊದಲು ಹಣ ಕಟ್ಟಿ ಆಮೇಲೆ ಕಚೇರಿಯಿಂದ ಪಡೆಯಬೇಕು. ಪಿಂಚಣಿದಾರರಿಗೆ ಹಾಗಲ್ಲ. ಪಟ್ಟಿಯಲ್ಲಿರುವ ಆಸ್ಪತ್ರೆಯಲ್ಲಿ ಅವರಿಗೆ ಕ್ಯಾಶ್‌ಲೆಸ್. ಡಿಸ್ಪೆನ್ಸರಿಯ ರೆಫರಲ್ ಚೀಟಿ ಇರಬೇಕು. ತುರ್ತು ಇದ್ದರೆ ಚೀಟಿಯೂ ಬೇಕಿಲ್ಲ. ಎಪ್ಪತ್ತು ದಾಟಿದವರು 2024ರಿಂದ ರೆಫರಲ್ ಇಲ್ಲದೆ ನೇರವಾಗಿ ಪಟ್ಟಿಯ ಆಸ್ಪತ್ರೆಯ ತಜ್ಞರ ಹತ್ತಿರ ಹೋಗಬಹುದು. ಅಂದರೆ ನಿವೃತ್ತಿ ಆದ ಮೇಲೆ ಈ ಕಾರ್ಡ್ ಇನ್ನಷ್ಟು ಗಟ್ಟಿಯಾಗುತ್ತದೆ. ಕಾಕಾ ಅದನ್ನು ತೀರ ಉಲ್ಟಾ ತಿಳಿದುಕೊಂಡಿದ್ದರು. ಅವರೊಬ್ಬರೇ ಅಲ್ಲ, ಅವರ ಕಚೇರಿಯಲ್ಲಿ ನಾನು ಮಾತಾಡಿಸಿದ ಮೂವರೂ ಹಾಗೇ ತಿಳಿದುಕೊಂಡಿದ್ದರು.

ಇನ್ನೊಂದು ತಪ್ಪು ತಿಳಿವಳಿಕೆ ಊರಿನಿಂದ ಬಂದದ್ದು. ಕಾಕಾನ ಗೆಳೆಯರೊಬ್ಬರು ಇಂಡಿ ಕಡೆ ಅಂಚೆ ಇಲಾಖೆಯಲ್ಲಿದ್ದಾರೆ. ಅವರು ಔಷಧಿ ಬಿಲ್ ಕೊಟ್ಟು ಹಣ ಪಡೆಯುತ್ತಾರೆ. "ನಾನೂ ಹಂಗ ಮಾಡ್ತೀನಿ" ಅಂತ ಕಾಕಾ. ಅದು 1944ರ ಮೆಡಿಕಲ್ ಅಟೆಂಡೆನ್ಸ್ ನಿಯಮ. ಸಿಜಿಎಚ್‌ಎಸ್ ಇಲ್ಲದ ಊರಲ್ಲಿ ನೌಕರಿ ಮಾಡುವವರಿಗೆ ಅದು. ಪಿಂಚಣಿದಾರರಿಗೆ ಅನ್ವಯಿಸುವುದಿಲ್ಲ. ಆ ಗೆಳೆಯರಿಗೂ ನಿವೃತ್ತಿ ಆದ ದಿನ ಅದು ನಿಂತುಹೋಗುತ್ತದೆ. ಅವರಿಗೆ ಫೋನ್ ಮಾಡಿ ಹೇಳಿದೆವು. ಅವರು ಒಂದು ನಿಮಿಷ ಸುಮ್ಮನಿದ್ದು, "ನನಗ ಇನ್ನ ಎರಡ ವರ್ಷ ಅದ, ಛಲೋ ಆತು ಹೇಳಿದ್ದು" ಅಂದರು.

ಕಾಕಾನ ಹಳೆಯ ಸಹೋದ್ಯೋಗಿಯೊಬ್ಬರ ಕಥೆ ನಮ್ಮನ್ನು ತುಂಬಾ ಯೋಚನೆಗೆ ಹಚ್ಚಿತು. ಅವರು ನಿವೃತ್ತಿ ಆದಾಗ ಬರೀ ಎಫ್‌ಎಂಎ ತಗೊಂಡು ಸೊಲ್ಲಾಪುರದ ಹತ್ತಿರದ ಊರಿಗೆ ಹೋದರು. ನಾಲ್ಕು ವರ್ಷಕ್ಕೆ ಬೈಪಾಸ್ ಆಯಿತು. ಕಾರ್ಡ್ ಇರಲಿಲ್ಲ. ಗ್ರ್ಯಾಚುಟಿ ಹಣದಲ್ಲಿ ದೊಡ್ಡ ಪಾಲು ಅದಕ್ಕೇ ಹೋಯಿತು. ಅವರು ಕಾರ್ಡ್ ಮಾಡಿಸಿದ್ದು ಆಮೇಲೆ.

ಮೂರನೇ ದಾರಿ

ಎಫ್‌ಎಂಎ ತಗೊಂಡರೆ ಸಿಜಿಎಚ್‌ಎಸ್ ಇಲ್ಲ, ಸಿಜಿಎಚ್‌ಎಸ್ ತಗೊಂಡರೆ ಎಫ್‌ಎಂಎ ಇಲ್ಲ ಅಂತ ಹೆಚ್ಚಿನವರು ತಿಳಿದಿರುತ್ತಾರೆ. ನಾನೂ ಹಾಗೇ ತಿಳಿದಿದ್ದೆ. ಆದರೆ ನಡುವೆ ಒಂದು ದಾರಿ ಇದೆ. ಸಿಜಿಎಚ್‌ಎಸ್ ಇಲ್ಲದ ಊರಲ್ಲಿ ಇರುವವರು ದಿನದಿನದ ಔಷಧಿಗೆ ಎಫ್‌ಎಂಎ ಪಡೆಯುತ್ತಾ, ಆಸ್ಪತ್ರೆಗೆ ಸೇರುವ ಚಿಕಿತ್ಸೆಗೆ ಮಾತ್ರ ಹತ್ತಿರದ ಸಿಜಿಎಚ್‌ಎಸ್ ನಗರದ ಕಾರ್ಡ್ ಇಟ್ಟುಕೊಳ್ಳಬಹುದು. ಅದಕ್ಕೂ 78,000 ಕಟ್ಟಬೇಕು. ಆದರೆ ತಿಂಗಳಾ ಸಾವಿರ ಬರುತ್ತಲೇ ಇರುತ್ತದೆ. ಪೂರ್ತಿ ಊರಲ್ಲೇ ಇರುವವರಿಗೆ ಇದಕ್ಕಿಂತ ಒಳ್ಳೆಯದು ನನಗೆ ಕಾಣುವುದಿಲ್ಲ. ಆ ಸೊಲ್ಲಾಪುರದವರಿಗೆ ಇದನ್ನು ಯಾರಾದರೂ ಹೇಳಿದ್ದರೆ ಅಂತ ಈಗಲೂ ಅನ್ನಿಸುತ್ತದೆ.

ಮಗನ ವಾದ ಬೇರೆ ಇತ್ತು. "ಅಪ್ಪಾ, ಖಾಸಗಿ ಪಾಲಿಸಿ ತಗೊಳ್ರಿ. ಲೈನ್‌ನ್ಯಾಗ ನಿಲ್ಲೂದು ಬ್ಯಾಡ." ಅವನ ಮಾತನ್ನು ತಳ್ಳಿಹಾಕಲಿಲ್ಲ. ಈಗ 65 ದಾಟಿದವರಿಗೂ ಪಾಲಿಸಿ ಸಿಗುತ್ತದೆ. ಮೊದಲೇ ಇರುವ ಕಾಯಿಲೆಗೆ ಕಾಯಬೇಕಾದ ಅವಧಿ 2024ರ ಏಪ್ರಿಲ್‌ನಿಂದ ಹೆಚ್ಚೆಂದರೆ ಮೂರು ವರ್ಷ. ಆದರೂ ಮೂರು ವರ್ಷ ಮೂರು ವರ್ಷವೇ ಅಲ್ವಾ? ಕಾಕುವಿನ ಶುಗರ್ ಅಷ್ಟು ದಿನ ಕಾಯುವುದಿಲ್ಲ. ಅವನು ತಂದ ಕೊಟೇಶನ್‌ನಲ್ಲಿ ಇಬ್ಬರಿಗೂ ಸೇರಿ ಒಂದು ವರ್ಷದ ಪ್ರೀಮಿಯಂ ನಮ್ಮ ಜೀವನಪೂರ್ತಿ 78,000ದ ಹತ್ತಿರ ಹತ್ತಿರ ಇತ್ತು. ಅದೂ ಗುಳಿಗೆ ಖರ್ಚು ಬಿಟ್ಟು. ಅವನ ಕಂಪನಿಯ ಗುಂಪು ವಿಮೆಯಲ್ಲಿ ಅಪ್ಪ ಅಮ್ಮನ ಹೆಸರಿದೆ, ಅದು ಇರಲಿ ಅಂತ ತೀರ್ಮಾನಿಸಿದೆವು. ವಿಮೆ ಇದ್ದರೆ ಮೊದಲು ಅದರಿಂದ ಪಡೆದು, ಉಳಿದದ್ದಕ್ಕೆ ಸಿಜಿಎಚ್‌ಎಸ್ ಕೇಳಬಹುದು.

ಮಹಾರಾಷ್ಟ್ರದ ಮಹಾತ್ಮ ಫುಲೆ ಯೋಜನೆ, 70 ದಾಟಿದವರ ಆಯುಷ್ಮಾನ್ ವಯ ವಂದನಾ ಕಾರ್ಡ್, ಇವನ್ನೂ ಪಕ್ಕದ ಮನೆಯವರು ಹೇಳಿದರು. ಎರಡರಲ್ಲೂ ವರ್ಷಕ್ಕೆ ಐದು ಲಕ್ಷದ ತನಕ ಆಸ್ಪತ್ರೆ ಚಿಕಿತ್ಸೆ ಸಿಗುತ್ತದೆ. ತಿಂಗಳ ಗುಳಿಗೆ ಸಿಗುವುದಿಲ್ಲ. ಸಿಜಿಎಚ್‌ಎಸ್ ಇರುವವರು 70 ಆದಾಗ ವಯ ವಂದನಾ ಬೇಕಾದರೆ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಕಾಕಾಗೆ ಅದಕ್ಕೆ ಇನ್ನೂ ಹತ್ತು ವರ್ಷ ಇದೆ. ಬಿಟ್ಟೆವು.

ಕಾಕು ಕೇಳಿದ ಪ್ರಶ್ನೆ

ಮಾರ್ಚ್ ಹೊತ್ತಿಗೆ ಕಾಕಾ ಮೂರನೇ ದಾರಿಗೆ ಒಪ್ಪಿದ್ದರು. ಊರಲ್ಲಿ ವಾಸ, ಎಫ್‌ಎಂಎ, ಆಸ್ಪತ್ರೆಗೆ ಪುಣೆ ಕಾರ್ಡ್. ನನಗೂ ಸರಿ ಅನ್ನಿಸಿತ್ತು. ಕಾಗದದ ಮೇಲೆ ಎಲ್ಲಾ ಕೂಡಿ ಬಂದಿತ್ತು. ಆಗ ಕಾಕು ಮೊದಲ ಸಲ ಬಾಯಿ ಬಿಟ್ಟರು. ಕಾಕಾನ ಕಡೆ ನೋಡಲಿಲ್ಲ. ನನ್ನ ಕಡೆ ನೋಡಿ ಕೇಳಿದರು.

"ನಿಮ್ಮ ಕಾಕಾ ಇರೂತನಾ ಎಲ್ಲಾ ಖರೇ. ನಾ ಒಬ್ಬಾಕೀನ ಉಳದರ ಎಲ್ಲಿ ಇರ್ತೀನಿ? ತ್ವಾಟದಾಗ ಇರ್ತೀನೇನು?"

ಯಾರೂ ಉತ್ತರ ಕೊಡಲಿಲ್ಲ. ಉತ್ತರ ಎಲ್ಲರಿಗೂ ಗೊತ್ತಿತ್ತು. ಮಗನ ಹತ್ತಿರ ಪುಣೆಯಲ್ಲಿ.

ನಾನು ಐದು ತಿಂಗಳು ಲೆಕ್ಕ ಹಾಕಿದ್ದೆ. ಕಾಕಾನ ಲೆವೆಲ್, ಕಾಕಾನ ಪಿಂಚಣಿ, ಕಾಕಾನ ಊರು. ನಾಲ್ಕು ವರ್ಷ ಚಿಕ್ಕವರು ಕಾಕು. ಕಾಯಿಲೆ ಜಾಸ್ತಿ ಇರುವುದೂ ಅವರಿಗೇ. ಕಾಕಾನ ನಂತರ ಕುಟುಂಬ ಪಿಂಚಣಿ ಅವರಿಗೆ ಬರುತ್ತದೆ. ಜೀವನಪೂರ್ತಿ ಕಾರ್ಡ್ ಇದ್ದರೆ ಮತ್ತೆ ಹಣ ಕಟ್ಟದೆ ಅದೂ ಅವರ ಹೆಸರಿಗೆ ಆಗುತ್ತದೆ. ಅಂದರೆ ಆ 78,000 ನಿಜವಾಗಿ ಕಟ್ಟುತ್ತಿದ್ದದ್ದು ಕಾಕುವಿನ ಮುಪ್ಪಿಗೆ. ಅವರನ್ನು ಮೊದಲು ಕೇಳಬೇಕಿತ್ತು.

ಅಂದೇ ತೀರ್ಮಾನ ಬದಲಾಯಿತು. ವಾಸ ಪುಣೆಯದೇ. ಹೊರರೋಗಿ, ಒಳರೋಗಿ ಎರಡೂ ಸಿಜಿಎಚ್‌ಎಸ್. ಎಫ್‌ಎಂಎ ಬೇಡ. ತೋಟಕ್ಕೆ ಕಾಕಾ ಹೋಗಿ ಬರುವುದು, ಕಾಕು ಬೇಕೆನಿಸಿದಾಗ ಒಂದು ತಿಂಗಳ ಗುಳಿಗೆ ಕಟ್ಟಿಕೊಂಡು ಜೊತೆಗೆ ಹೋಗುವುದು. ಹಣದ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಗುಳಿಗೆಯಲ್ಲಿ ಉಳಿಯುವುದು 33,600. ಅದರಲ್ಲಿ ಬಿಟ್ಟುಕೊಟ್ಟ ಎಫ್‌ಎಂಎ 12,000 ಕಳೆದರೆ 21,600. ಆಸ್ಪತ್ರೆಗೆ ಒಮ್ಮೆಯೂ ಹೋಗದಿದ್ದರೂ ಮೂರು ವರ್ಷ ಏಳೆಂಟು ತಿಂಗಳಲ್ಲಿ 78,000 ತೀರಿಹೋಗುತ್ತದೆ. ಮುಂದೆ ಮನಸ್ಸು ಬದಲಾಗಿ ಊರಿಗೇ ಹೋಗುವುದಾದರೆ, ಗುಳಿಗೆ ಬಿಟ್ಟು ಎಫ್‌ಎಂಎ ಕಡೆ ಬದಲಾಯಿಸಲು ಜೀವನದಲ್ಲಿ ಒಂದು ಅವಕಾಶ ಇದೆ.

ವರ್ಷ ವರ್ಷ ಕಟ್ಟೋಣ ಅಂತ ಕಾಕಾ ಒಂದು ಸಲ ಅಂದರು. ಹತ್ತು ವರ್ಷ ಕಟ್ಟಿದರೆ ಅದೂ ಜೀವನಪೂರ್ತಿ ಆಗುತ್ತದೆ. ಆದರೆ ನಡುವೆ ದರ ಏರಿದರೆ ಏರಿದ ದರ ಕಟ್ಟಬೇಕು. ಎಂಟನೇ ವೇತನ ಆಯೋಗ ಆಗ ಬಾಗಿಲಲ್ಲೇ ಇತ್ತು. ಒಟ್ಟಿಗೆ ಕಟ್ಟಿ ಅಂತ ಗಟ್ಟಿಯಾಗಿ ಹೇಳಿದೆ.

ಹೆಸರಿನ ತೊಡಕು

ಇಷ್ಟಕ್ಕೆ ಮುಗಿಯಿತು ಅಂದುಕೊಂಡರೆ, ಇಲ್ಲ. ಕಚೇರಿಯ ಸರ್ವಿಸ್ ಬುಕ್ಕಿನಲ್ಲಿ ಕಾಕುವಿನ ಹೆಸರು ಒಂದು, ಆಧಾರ್‌ನಲ್ಲಿ ಇನ್ನೊಂದು. ಮದುವೆಯಲ್ಲಿ ಅಕ್ಕಿಯಲ್ಲಿ ಬರೆದು ಇಟ್ಟ ಗಂಡನ ಮನೆಯ ಹೆಸರು ಸರ್ವಿಸ್ ಬುಕ್ಕಿನಲ್ಲಿದೆ. ತವರಿನ ಹೆಸರು ಆಧಾರ್‌ನಲ್ಲಿದೆ. ಹುಟ್ಟಿದ ವರ್ಷವೂ ಎರಡು ಕಡೆ ಬೇರೆ. ನಮ್ಮ ಕಡೆಯ ಎಷ್ಟು ಹೆಂಗಸರದು ಹೀಗೇ ಇದೆಯೋ! ಗಂಡ ಇರುವಾಗ ಯಾರೂ ಕೇಳುವುದಿಲ್ಲ. ಆತ ಹೋದ ಮೇಲೆ ಕುಟುಂಬ ಪಿಂಚಣಿಗೆ, ಕಾರ್ಡಿಗೆ ಅರ್ಜಿ ಹಾಕಿದ ದಿನ 'ಇವರು ಅವರೇ ಅಂತ ಏನು ದಾಖಲೆ' ಅಂತ ಕೇಳುತ್ತಾರೆ. ಆ ಹೊತ್ತಿನಲ್ಲಿ ಒಬ್ಬ ಹೆಂಗಸು ಎಲ್ಲಿ ಅಲೆಯಬೇಕು?

ಅಫಿಡವಿಟ್ ಮಾಡಿಸಿ, ಮಹಾರಾಷ್ಟ್ರ ಸರ್ಕಾರದ ಗೆಜೆಟ್‌ನಲ್ಲಿ ಹೆಸರು ಬದಲಾವಣೆ ಹಾಕಿಸಿ, ಆಧಾರ್ ತಿದ್ದಿಸಿ, ಆಮೇಲೆ ಪ್ಯಾನ್, ಆಮೇಲೆ ಬ್ಯಾಂಕಿನ ಜಂಟಿ ಖಾತೆ. ಶಾಲೆ ದಾಖಲೆಗೆ ಇಂಡಿಗೆ ಎರಡು ಸಲ ಹೋಗಿ ಬಂದೆವು. ನಾಲ್ಕು ತಿಂಗಳು ಹಿಡಿಯಿತು. ನಿವೃತ್ತಿಗೆ ಒಂದು ವರ್ಷ ಇರುವಾಗಲೇ ಶುರು ಮಾಡಿದ್ದಕ್ಕೆ ಆಯಿತು. ಆಗಸ್ಟ್‌ನಲ್ಲಿ ಭವಿಷ್ಯ ಪೋರ್ಟಲ್‌ನಲ್ಲಿ ಪಿಂಚಣಿ ಅರ್ಜಿ ತುಂಬುವಾಗ ಎಲ್ಲಾ ಕಡೆ ಒಂದೇ ಹೆಸರು, ಒಂದೇ ಹುಟ್ಟಿದ ದಿನ.

ಮಗಳ ಹೆಸರನ್ನೂ ಕಾರ್ಡಿನಲ್ಲಿ ಉಳಿಸಿಕೊಂಡೆವು. ಮದುವೆ ಆಗುವ ತನಕ ಅಥವಾ ದುಡಿಯಲು ಶುರು ಮಾಡುವ ತನಕ ಮಗಳು ಅವಲಂಬಿತಳು. ಮಗನಿಗೆ 25ರ ಮಿತಿ, ಅವನದು ಯಾವಾಗಲೋ ಮುಗಿದಿತ್ತು.

ನಿವೃತ್ತಿ ಆದ ವಾರ ಕಾಕಾ ಸಿಜಿಎಚ್‌ಎಸ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ 78,000 ಕಟ್ಟಿದರು. ಹಳೆಯ ಕಾರ್ಡ್ ಒಪ್ಪಿಸಿದ ಪತ್ರ, ಕೊನೆಯ ವೇತನದ ಪ್ರಮಾಣಪತ್ರ, ಪಿಂಚಣಿ ಪಾವತಿ ಆದೇಶ (ಪಿಪಿಒ) ಎಲ್ಲಾ ಅದಕ್ಕೆ ಸೇರಿಸಿದರು. ನಡುವೆ ಕೆಲವು ದಿನ ಕಾರ್ಡ್ ಇರಲಿಲ್ಲ. ಅದಕ್ಕೆಂದೇ ನವೆಂಬರ್‌ನಲ್ಲಿ ಗುಳಿಗೆ ಮುಂಚೆಯೇ ತಂದಿಟ್ಟುಕೊಂಡಿದ್ದೆವು.

ನಾನು ಒಂದು ಹಾಳೆಯಲ್ಲಿ ದೊಡ್ಡ ಅಕ್ಷರದಲ್ಲಿ ಕನ್ನಡದಲ್ಲಿ ಬರೆದುಕೊಟ್ಟೆ. ಡಿಸ್ಪೆನ್ಸರಿ ಬೆಳಿಗ್ಗೆ 7.30ರಿಂದ ಮಧ್ಯಾಹ್ನ 2. ಪಟ್ಟಿಯಲ್ಲಿರುವ, ಮನೆಗೆ ಹತ್ತಿರದ ಎರಡು ಆಸ್ಪತ್ರೆಗಳ ಹೆಸರು. ರಾತ್ರಿ ಏನಾದರೂ ಆದರೆ ಮೊದಲು ಇಲ್ಲಿಗೆ. ಬೇರೆ ಕಡೆ ಸೇರಿಸಬೇಕಾಗಿ ಬಂದರೆ ಎಲ್ಲಾ ಬಿಲ್ ಇಟ್ಟುಕೊಳ್ಳಿ, ಆರು ತಿಂಗಳ ಒಳಗೆ ಕ್ಲೇಮ್ ಹಾಕಬೇಕು. ಕಾರ್ಡಿನ ನಂಬರ್. ಮಗನ ಫೋನ್, ನನ್ನ ಫೋನ್. ಕಾಕು ಅದನ್ನು ಕಪಾಟಿನ ಬಾಗಿಲ ಒಳಗೆ, ಸೀರೆಗಳ ಪಕ್ಕ ಅಂಟಿಸಿದ್ದಾರೆ.

ಜನವರಿಯ ಒಂದು ಬೆಳಿಗ್ಗೆ ಕಾಕಾ ತೋಟಕ್ಕೆ ಹೋಗಿದ್ದರು. ಕಾಕು ಒಬ್ಬರೇ ಡಿಸ್ಪೆನ್ಸರಿಗೆ ಹೊರಟರು. ನಾನು ಜೊತೆಗೆ ಹೋದೆ, ಆದರೆ ಬಾಗಿಲ ಹತ್ತಿರದ ಬೆಂಚಿನ ಮೇಲೆ ಕೂತೆ. ಟೋಕನ್ ತಗೊಂಡರು. ಡಾಕ್ಟರ್ ಹತ್ತಿರ ಮರಾಠಿಯಲ್ಲಿ ಮಾತಾಡಿದರು. ಔಷಧಿ ಕಿಟಕಿಯ ಮುಂದೆ ನಿಂತು ಸ್ಟ್ರಿಪ್ ಎಣಿಸಿಕೊಂಡರು. ಒಂದು ಗುಳಿಗೆ ಸ್ಟಾಕ್ ಇರಲಿಲ್ಲ. ಇಂಡೆಂಟ್ ಹಾಕಿದ್ದೇವೆ, ನಾಳೆ ಬನ್ನಿ ಅಂದರು ಒಳಗಿನವರು.

"ಉದ್ಯಾ ಯೇತೆ" (ನಾಳೆ ಬರ್ತೀನಿ) ಅಂದರು ಕಾಕು. ಕಾರ್ಡನ್ನು ಸೆರಗಿನಿಂದ ಒರೆಸಿ ಪರ್ಸಿನಲ್ಲಿ ಇಟ್ಟುಕೊಂಡರು.